ಅಮೆರಿಕ ಬಿರುಕು ಬಿಟ್ಟದ್ದು ಯಾವ ಗೆರೆಯ ಮೇಲೆ?

ಪ್ರಶ್ನೆ: ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಅಮೆರಿಕದ ಅಂತರ್ಯುದ್ಧ ಗುಲಾಮಗಿರಿಗಾಗಿ ನಡೆಯಿತು ಎಂದು ಒಂದು ಕಡೆ ಓದುತ್ತೇನೆ, ರಾಜ್ಯಗಳ ಹಕ್ಕಿಗಾಗಿ ನಡೆಯಿತು ಎಂದು ಇನ್ನೊಂದು ಕಡೆ. ಗುಲಾಮಗಿರಿ ಇದ್ದ ಕಡೆ ಅದನ್ನು ಮುಟ್ಟುವುದಿಲ್ಲ ಎಂದು ಲಿಂಕನ್ ಅವರೇ ಹೇಳಿದ್ದರಂತೆ. ಹಾಗಿದ್ದ ಮೇಲೆ ದಕ್ಷಿಣದವರು ಬೇರೆಯಾದದ್ದೇಕೆ? ಬ್ರಿಟಿಷರು ಮಾಡಿದಂತೆ ಮಾಲೀಕರಿಗೆ ದುಡ್ಡು ಕೊಟ್ಟು ಗುಲಾಮರನ್ನು ಬಿಡಿಸಲು ಆಗುತ್ತಿರಲಿಲ್ಲವೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಕೊನೆಯದೇ ಗಟ್ಟಿಯಾದದ್ದು. ಅದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು, ಕೊನೆಯಲ್ಲಿ ಕೊಡುತ್ತೇನೆ. ಮೊದಲು ಒಂದು ವಿಷಯ ಮಕ್ಕಳ ತಲೆಯಲ್ಲಿ ಸರಿಯಾಗಿ ಕೂರಬೇಕು. ಜಗಳ ಗುಲಾಮಗಿರಿಯದ್ದೇ, ಅದರಲ್ಲಿ ಅನುಮಾನ ಬೇಡ. ಆದರೆ 1860ರವರೆಗೆ ಅಧಿಕಾರ ಹಿಡಿಯುವ ಶಕ್ತಿಯಿದ್ದ ಯಾವ ಪಕ್ಷವೂ ದಕ್ಷಿಣದ ಗುಲಾಮರನ್ನು ಬಿಡಿಸುತ್ತೇವೆ ಎಂದು ಹೇಳಿರಲಿಲ್ಲ. ಬೆಂಕಿ ಹತ್ತಿಕೊಂಡದ್ದು ಹೊಸ ನೆಲಕ್ಕೆ. ಪಶ್ಚಿಮದಲ್ಲಿ ಇನ್ನೂ ರಾಜ್ಯವಾಗದೆ ಕೇಂದ್ರದ ಆಡಳಿತದಲ್ಲಿದ್ದ ಪ್ರದೇಶಗಳಿಗೆ ಗುಲಾಮಗಿರಿ ಹೋಗಬಹುದೋ ಬಾರದೋ ಎಂಬ ಒಂದೇ ಪ್ರಶ್ನೆ 40 ವರ್ಷ ಆ ದೇಶವನ್ನು ಕೊರೆಯಿತು.

ಶುರು ಸಂವಿಧಾನದಿಂದಲೇ ಮಾಡಿ. 1787ರಲ್ಲಿ ಬರೆದ ಆ ಮೂಲ ಪಠ್ಯದಲ್ಲಿ ‘ಗುಲಾಮ’ ಎಂಬ ಪದ ಎಲ್ಲೂ ಇಲ್ಲ, ಆದರೆ ಗುಲಾಮಗಿರಿಯನ್ನು ಕಾಯುವ ಮೂರು ಏರ್ಪಾಡುಗಳಿವೆ. ಹೊರದೇಶದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ನಿಷೇಧಿಸುವಂತಿಲ್ಲ. ಓಡಿಹೋದವರನ್ನು ಮರಳಿಸಬೇಕು. ಪ್ರತಿನಿಧಿ ಸಭೆಯ ಸೀಟು ಹಂಚುವಾಗ ಗುಲಾಮರ ಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲನ್ನು ಎಣಿಸಬೇಕು. ಈ ಕೊನೆಯದನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ಒಂದು ರಾಜ್ಯದಲ್ಲಿ 3 ಲಕ್ಷ ಸ್ವತಂತ್ರರು, 2 ಲಕ್ಷ ಗುಲಾಮರು ಇದ್ದಾರೆ ಎನ್ನಿ. ಸೀಟು ಲೆಕ್ಕಕ್ಕೆ ಅದು 4 ಲಕ್ಷ 20 ಸಾವಿರದ ರಾಜ್ಯ. ಪಕ್ಕದಲ್ಲಿ ಗುಲಾಮರೇ ಇಲ್ಲದ, 3 ಲಕ್ಷ ಜನರ ರಾಜ್ಯಕ್ಕೆ 3 ಲಕ್ಷದ ಲೆಕ್ಕ ಮಾತ್ರ. ಅಧ್ಯಕ್ಷರನ್ನು ಆರಿಸುವ ಮತಗಳೂ ಆಗ ಇದೇ ಲೆಕ್ಕದ ಮೇಲೆ ನಿಂತಿದ್ದವು. ಮಕ್ಕಳು ಇಲ್ಲಿ ತಪ್ಪದೆ ಎಡವುತ್ತಾರೆ: ಗುಲಾಮರನ್ನು ಪೂರ್ತಿ ಎಣಿಸಿ ಎಂದು ಕೇಳಿದ್ದು ಮಾಲೀಕರು, ಎಣಿಸಲೇಬೇಡಿ ಎಂದದ್ದು ಉತ್ತರದವರು. ಎಣಿಕೆ ಹೆಚ್ಚಿದಷ್ಟೂ ಬಲ ಬರುತ್ತಿದ್ದದ್ದು ಮಾಲೀಕರಿಗೆ. ಎಣಿಸಿಕೊಂಡವರಿಗೆ ಒಂದು ಮತವೂ ಇರಲಿಲ್ಲ.

ಆ ಸಂವಿಧಾನ ಬರೆದವರಲ್ಲಿ ಹಲವರು ಈ ಪದ್ಧತಿ ತಾನಾಗಿಯೇ ಸಾಯುತ್ತದೆ ಎಂದುಕೊಂಡಿದ್ದರು. ಹೊಗೆಸೊಪ್ಪು ಬೆಳೆದು ಬೆಳೆದು ವರ್ಜೀನಿಯಾದ ಮಣ್ಣು ಸಾರ ಕಳೆದುಕೊಂಡಿತ್ತು. ಲೆಕ್ಕ ತಲೆಕೆಳಗಾದದ್ದು ಒಂದು ಯಂತ್ರದಿಂದ. ಅಮೆರಿಕದ ಒಳನಾಡಿನಲ್ಲಿ ಬೆಳೆಯುವುದು ಗಿಡ್ಡ ಎಳೆಯ ಹತ್ತಿ. ಅದರ ಹಸಿರು ಕಾಳು ಎಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ನುಣುಪು ಕಾಳಿನ ಹತ್ತಿಯನ್ನು ಎರಡು ಉರುಳೆಗಳ ನಡುವೆ ಹಾಯಿಸಿದರೆ ಕಾಳು ಹೊರಬೀಳುತ್ತದೆ, ಇದರಲ್ಲಿ ಬೀಳುವುದಿಲ್ಲ. ಕೈಯಿಂದ ಬಿಡಿಸಿದರೆ ಒಬ್ಬರಿಗೆ ಇಡೀ ದಿನಕ್ಕೆ ಸುಮಾರು ಒಂದು ಪೌಂಡ್ ಅರಳೆ. 1793ರಲ್ಲಿ ಎಲೈ ವಿಟ್ನಿ ಮಾಡಿದ, ಕಾಳು ಬಿಡಿಸುವ ಯಂತ್ರವಾದ ಜಿನ್‌ನಲ್ಲಿ ತಂತಿಯ ಹಲ್ಲುಗಳಿದ್ದ ಮರದ ಉರುಳೆ ಇತ್ತು. ಹಲ್ಲುಗಳು ಸಣ್ಣ ಸೀಳುಗಳ ಮೂಲಕ ಎಳೆಯನ್ನು ಎಳೆದುಕೊಳ್ಳುತ್ತಿದ್ದವು, ಸೀಳಿಗಿಂತ ದಪ್ಪವಾದ ಕಾಳು ಈಚೆಯೇ ಉಳಿಯುತ್ತಿತ್ತು, ಹಿಂದೆ ತಿರುಗುವ ಬ್ರಷ್ ಅರಳೆಯನ್ನು ಬಿಡಿಸಿ ಹಾಕುತ್ತಿತ್ತು. ದಿನಕ್ಕೆ ಒಂದು ಪೌಂಡ್ ಇದ್ದದ್ದು ಐವತ್ತಾಯಿತು. ಆದರೆ ಗಿಡದಿಂದ ಹತ್ತಿ ಬಿಡಿಸುವ ಕೆಲಸ ಕೈಯಲ್ಲೇ ಉಳಿಯಿತು. ಕಾಳು ತೆಗೆಯುವ ತಡೆ ಸರಿದದ್ದೇ ತಡ, ಹೊಲಕ್ಕೆ ಎಷ್ಟು ಕೈ ಸಿಕ್ಕರೂ ಸಾಲದಾಯಿತು.

1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ಕ್ಕೆ 39 ಲಕ್ಷ 53 ಸಾವಿರ. ಆ ಹೊತ್ತಿಗೆ ಅಮೆರಿಕದ ರಫ್ತಿನ ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಹತ್ತಿಯದೇ. 1808ರಿಂದ ಹೊರಗಿನ ಆಮದು ನಿಂತದ್ದರಿಂದ ದೇಶದೊಳಗೇ ಮಾರಾಟ ಬೆಳೆಯಿತು. ಅಂತರ್ಯುದ್ಧದವರೆಗಿನ ಎಪ್ಪತ್ತು ವರ್ಷಗಳಲ್ಲಿ ಸುಮಾರು 10 ಲಕ್ಷ ಜನರನ್ನು ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಮಿಸಿಸಿಪ್ಪಿ, ಲೂಸಿಯಾನಾ ಕಡೆಗೆ ಸಾಗಿಸಲಾಯಿತು. ಕೆಲವರನ್ನು ಹಡಗಿನಲ್ಲಿ ಒಯ್ದರು, ಉಳಿದವರನ್ನು ಸರಪಳಿ ಹಾಕಿ ನೂರಾರು ಮೈಲಿ ನಡೆಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೆಲ್ಲೋ. ಇದನ್ನು ಪಾಠದಲ್ಲಿ ದಯವಿಟ್ಟು ಬಿಡಬೇಡಿ. ಅದು ಆಗಿನ ಸಂಕಟದ ತಿರುಳು, ರಾಜಕೀಯದ ಬೀಗದ ಕೈಯೂ ಅದೇ. ಹತ್ತಿಯನ್ನೇ ಬೆಳೆಯದ ವರ್ಜೀನಿಯಾದ ಮಾಲೀಕನಿಗೂ ಪಶ್ಚಿಮಕ್ಕೆ ಗುಲಾಮಗಿರಿ ಹರಡಲೇಬೇಕಿತ್ತು. ಹೊಸ ನೆಲ ಎಂದರೆ ಹೊಸ ಮಾರುಕಟ್ಟೆ. ಆ ಬಾಗಿಲು ಮುಚ್ಚಿದರೆ ಅವನ ಆಸ್ತಿಯ ಬೆಲೆ ಇಳಿಯುತ್ತದೆ.

ಮೊದಲ ಬಿರುಕು 1819ರಲ್ಲಿ. ಮಿಸೌರಿ ರಾಜ್ಯವಾಗಲು ಅರ್ಜಿ ಹಾಕಿತು. ಗುಲಾಮಗಿರಿ ಇದ್ದ ರಾಜ್ಯ 11, ಇಲ್ಲದ್ದು 11. ಜನಸಂಖ್ಯೆ ಬೆಳೆದು ಪ್ರತಿನಿಧಿ ಸಭೆ ಆಗಲೇ ಉತ್ತರದ ಕೈಗೆ ಹೋಗಿತ್ತು. ರಾಜ್ಯಕ್ಕೆ ಇಬ್ಬರಂತೆ ಕೂರುವ ಸೆನೆಟ್ ಒಂದೇ ದಕ್ಷಿಣಕ್ಕೆ ಉಳಿದಿದ್ದ ತಡೆಗೋಡೆ. 1820ರ ಒಪ್ಪಂದದಲ್ಲಿ ಮಿಸೌರಿಯ ಜೊತೆಗೆ ಗುಲಾಮಗಿರಿ ಇಲ್ಲದ ಮೇನ್ ರಾಜ್ಯವನ್ನೂ ಸೇರಿಸಿ ತಕ್ಕಡಿ ಸಮ ಮಾಡಿದರು. ಫ್ರಾನ್ಸಿನಿಂದ ಕೊಂಡ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಮೇಲೆ ಗೆರೆ ಎಳೆದು, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ ಎಂದರು. ಮಿಸೌರಿ ಮಾತ್ರ ಗೆರೆಯ ಉತ್ತರಕ್ಕಿದ್ದರೂ ಬಿಟ್ಟುಕೊಟ್ಟರು. ಮುದುಕರಾಗಿದ್ದ ಮಾಜಿ ಅಧ್ಯಕ್ಷ ಜೆಫರ್ಸನ್ ಇದನ್ನು ಕೇಳಿ, ರಾತ್ರಿಯಲ್ಲಿ ಬೆಂಕಿಯ ಗಂಟೆ ಬಡಿದಂತಾಯಿತು ಎಂದು ಪತ್ರ ಬರೆದರು. ಅವರೂ ಗುಲಾಮರ ಒಡೆಯರೇ.

ಆ ಗೆರೆ 34 ವರ್ಷ ತಡೆದು ನಿಂತಿತು. ಅಲುಗಾಡತೊಡಗಿದ್ದು ಮೆಕ್ಸಿಕೋ ಯುದ್ಧದಲ್ಲಿ. 1846ರ ಆಗಸ್ಟ್‌ನಲ್ಲಿ ಡೇವಿಡ್ ವಿಲ್ಮಾಟ್ ಎಂಬ ಪೆನ್ಸಿಲ್ವೇನಿಯಾದ ಸದಸ್ಯರು ಹಣದ ಮಸೂದೆಯೊಂದಕ್ಕೆ ಪುಟ್ಟ ತಿದ್ದುಪಡಿ ತಂದರು: ಮೆಕ್ಸಿಕೋದಿಂದ ಸಿಗುವ ಯಾವ ನೆಲದಲ್ಲೂ ಗುಲಾಮಗಿರಿ ಇರಕೂಡದು. ಪ್ರತಿನಿಧಿ ಸಭೆಯಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ಆಗಲಿಲ್ಲ. ಕಾನೂನಾಗದ ಈ ಸಾಲಿಗೆ ನಾನು ಕಾನೂನಾದ ಎಷ್ಟೋ ಮಸೂದೆಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಏಕೆಂದರೆ ಮತ ಬಿದ್ದ ರೀತಿ ನೋಡಿ: ಪಕ್ಷ ಮರೆತು ಉತ್ತರದವರು ಒಂದು ಕಡೆ, ದಕ್ಷಿಣದವರು ಒಂದು ಕಡೆ ನಿಂತರು. ಅಷ್ಟರಲ್ಲಿ ದೇವರ ಮನೆಯೂ ಒಡೆದಿತ್ತು. ಬಿಷಪ್ ಒಬ್ಬರು ಗುಲಾಮರನ್ನು ಇಟ್ಟುಕೊಂಡಿರಬಹುದೇ ಎಂಬ ಜಗಳದಲ್ಲಿ ಮೆಥಡಿಸ್ಟ್ ಚರ್ಚು 1844ರಲ್ಲಿ ಇಬ್ಭಾಗವಾಯಿತು, ಮರುವರ್ಷ ಬ್ಯಾಪ್ಟಿಸ್ಟರು.

1850ರಲ್ಲಿ ಇನ್ನೊಂದು ರಾಜಿ. ಚಿನ್ನ ಸಿಕ್ಕಿ ಒಮ್ಮೆಲೇ ತುಂಬಿಕೊಂಡ ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಬಂತು. 15ಕ್ಕೆ 15 ಇದ್ದ ತಕ್ಕಡಿ 16ಕ್ಕೆ 15 ಆಗಿ ಮತ್ತೆಂದೂ ಸಮವಾಗಲಿಲ್ಲ. ಪ್ರತಿಯಾಗಿ ದಕ್ಷಿಣ ಪಡೆದದ್ದು ಓಡಿಹೋದ ಗುಲಾಮರನ್ನು ಹಿಡಿಯುವ ಹೊಸ ಕೇಂದ್ರ ಕಾನೂನು. ಅದು ನಡೆಯುತ್ತಿದ್ದ ಬಗೆ ಹೀಗೆ: ಮಾಲೀಕ ಅಥವಾ ಅವನ ಏಜೆಂಟ್ ದಾಖಲೆ ಹಿಡಿದು ಉತ್ತರದ ಊರಿಗೆ ಬರುತ್ತಾನೆ. ಹಿಡಿದವರನ್ನು ಕೇಂದ್ರದ ಕಮಿಷನರ್ ಎದುರು ನಿಲ್ಲಿಸುತ್ತಾರೆ. ಜ್ಯೂರಿ ಇಲ್ಲ. ಸಿಕ್ಕಿಬಿದ್ದವರು ತಮ್ಮ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ಕಮಿಷನರ್ ಮರಳಿಸಿ ಎಂದು ಬರೆದರೆ ಫೀಸು 10 ಡಾಲರ್, ಬಿಟ್ಟುಬಿಡಿ ಎಂದರೆ 5. ಅಡ್ಡ ಬಂದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಕೇಂದ್ರದ ಪೊಲೀಸ್ ಅಧಿಕಾರಿಯಾದ ಮಾರ್ಷಲ್ ಕರೆದರೆ ದಾರಿಹೋಕರೂ ಹಿಡಿಯಲು ಕೈಜೋಡಿಸಬೇಕು.

ಈ ಕೊನೆಯ ಅಂಶವೇ ಉತ್ತರದವರ ಮನಸ್ಸು ಕೆಡಿಸಿತು. ಅದುವರೆಗೆ ಗುಲಾಮಗಿರಿ ಅವರಿಗೆ ದೂರದ ಮಾತು. ಈಗ ಅದು ಮನೆಯ ಮುಂದಿನ ಬೀದಿಗೆ ಬಂತು. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಾಸ್ಟನ್‌ನಲ್ಲಿ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ ಆಂಥೋನಿ ಬರ್ನ್ಸ್ ಅವರನ್ನು 1854ರ ಮೇ ತಿಂಗಳಲ್ಲಿ ಹಿಡಿದರು. ಜೂನ್ 2ರಂದು ಸೈನಿಕರ ಸಾಲಿನ ನಡುವೆ ಅವರನ್ನು ಹಡಗಿಗೆ ನಡೆಸಿಕೊಂಡು ಹೋದಾಗ ಸುಮಾರು 50 ಸಾವಿರ ಜನ ಬೀದಿಯ ಇಕ್ಕೆಲದಲ್ಲಿ ನಿಂತಿದ್ದರು. ಕಟ್ಟಡಗಳ ಮೇಲೆ ಕಪ್ಪು ಬಟ್ಟೆ, ಬೀದಿಗೆ ಅಡ್ಡಲಾಗಿ ತೂಗುಹಾಕಿದ ಶವಪೆಟ್ಟಿಗೆ. ಒಬ್ಬ ಮನುಷ್ಯನನ್ನು ಮರಳಿಸಲು ಒಂದು ನಗರವನ್ನು ಬಂದೂಕಿನ ಕೆಳಗೆ ಇಡಬೇಕಾಯಿತು.

ಅದೇ ವಾರ ಇನ್ನೂ ದೊಡ್ಡ ಪೆಟ್ಟು ಬಿತ್ತು. ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಸ್ ಅವರಿಗೆ ಶಿಕಾಗೋದಿಂದ ಪಶ್ಚಿಮಕ್ಕೆ ರೈಲುಮಾರ್ಗ ಬೇಕಿತ್ತು. ಅದಕ್ಕೆ ಮೊದಲು ಕ್ಯಾನ್ಸಸ್, ನೆಬ್ರಾಸ್ಕಾ ಪ್ರದೇಶಗಳಿಗೆ ಆಡಳಿತ ಕೊಡಬೇಕು. ದಕ್ಷಿಣದ ಸೆನೆಟರ್‌ಗಳು ಕೇಳಿದ ಬೆಲೆ ಒಂದೇ: 1820ರ ಗೆರೆ ಅಳಿಸಿ. ಅಳಿಸಿದರು. ಅಲ್ಲಿ ನೆಲೆಸುವ ಜನರೇ ಮತ ಹಾಕಿ ತೀರ್ಮಾನಿಸಲಿ ಎಂಬ ಸೂತ್ರ ತಂದರು. ಕೇಳಲು ಚೆನ್ನಾಗಿಯೇ ಇದೆ. ಆದರೆ ಮೊದಲ ಚುನಾವಣೆಗೆ ಎಷ್ಟು ದಿನ ವಾಸವಿದ್ದರೆ ಮತ ಎಂದು ಕಾನೂನು ಹೇಳಲಿಲ್ಲ. ಗುಲಾಮಗಿರಿಯ ತೀರ್ಮಾನ ಯಾವ ಹಂತದಲ್ಲಿ ಆಗಬೇಕು ಎಂದೂ ಸ್ಪಷ್ಟವಾಗಿ ಹೇಳಲಿಲ್ಲ. 1855ರ ಮಾರ್ಚ್ 30ರಂದು ಕ್ಯಾನ್ಸಸ್‌ನಲ್ಲಿ ಶಾಸನಸಭೆಯ ಚುನಾವಣೆ ನಡೆಯಿತು. ಆಗಷ್ಟೇ ಮಾಡಿದ ಗಣತಿಯಲ್ಲಿ ಅರ್ಹ ಮತದಾರರು 2,905. ಪೆಟ್ಟಿಗೆಗೆ ಬಿದ್ದ ಮತ 6,307. ಅದರಲ್ಲಿ ಬಹುಪಾಲು ಮಿಸೌರಿಯಿಂದ ಗಡಿ ದಾಟಿ ಬಂದು ಮತ ಹಾಕಿ ಮರಳಿದವರದ್ದು. ಸೋತವರು ತಮ್ಮದೇ ಇನ್ನೊಂದು ಸರ್ಕಾರ ಕಟ್ಟಿಕೊಂಡರು. 1856ರ ಮೇ 21ರಂದು ಗುಲಾಮಗಿರಿಯ ಪರದವರು ಲಾರೆನ್ಸ್ ಊರನ್ನು ಸೂರೆ ಮಾಡಿದರು. 22ರಂದು ವಾಷಿಂಗ್ಟನ್‌ನಲ್ಲಿ, ಸೆನೆಟ್ ಸಭಾಂಗಣದ ಒಳಗೇ, ದಕ್ಷಿಣ ಕ್ಯಾರೊಲಿನಾದ ಪ್ರೆಸ್ಟನ್ ಬ್ರೂಕ್ಸ್ ಎಂಬ ಸದಸ್ಯ, ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಬೆತ್ತ ಮುರಿಯುವಷ್ಟು ಹೊಡೆದ. ಸಮ್ನರ್ ಮತ್ತೆ ಕೆಲಸಕ್ಕೆ ಪೂರ್ತಿ ಮರಳಲು ಮೂರು ವರ್ಷ ಬೇಕಾಯಿತು. ದಕ್ಷಿಣದಿಂದ ಬ್ರೂಕ್ಸ್‌ಗೆ ಹೊಸ ಬೆತ್ತಗಳು ಉಡುಗೊರೆಯಾಗಿ ಬಂದವು. 24ರ ರಾತ್ರಿ ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್ ಮತ್ತು ಸಂಗಡಿಗರು ಕ್ಯಾನ್ಸಸ್‌ನ ಪೊಟ್ಟವಾಟಮಿ ಹೊಳೆಯ ಬಳಿ ಐವರನ್ನು ಮನೆಯಿಂದ ಎಳೆದು ಕೊಂದರು. ನಾಲ್ಕೇ ದಿನ. ಇಷ್ಟೆಲ್ಲ ರಕ್ತ ಹರಿದ ಕ್ಯಾನ್ಸಸ್‌ನಲ್ಲಿ 1860ರ ಗಣತಿ ಎಣಿಸಿದ ಗುಲಾಮರು ಇಬ್ಬರು.

1854ರ ಕಾನೂನು ಇನ್ನೊಂದು ಹಾನಿ ಮಾಡಿತು. ಉತ್ತರ, ದಕ್ಷಿಣ ಎರಡೂ ಕಡೆ ಬೇರಿದ್ದ ವಿಗ್ ಪಕ್ಷ ಛಿದ್ರವಾಯಿತು. ಅದರ ಜಾಗದಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಬಹುಮಟ್ಟಿಗೆ ಉತ್ತರದ್ದು, ಅದರ ಮೂಲ ಬೇಡಿಕೆಯೇ ಹೊಸ ಪ್ರದೇಶಗಳಿಗೆ ಗುಲಾಮಗಿರಿ ಬೇಡ ಎಂಬುದು. ದೇಶದುದ್ದಕ್ಕೂ ಬೇರಿದ್ದದ್ದು ಇನ್ನು ಡೆಮಾಕ್ರಾಟಿಕ್ ಪಕ್ಷ ಒಂದೇ.

ಅದನ್ನೂ ಒಡೆದದ್ದು ಒಂದು ತೀರ್ಪು. ಒಡೆಯನ ಜೊತೆ ಗುಲಾಮಗಿರಿ ಇಲ್ಲದ ನೆಲದಲ್ಲಿ ವರ್ಷಗಟ್ಟಲೆ ಇದ್ದ ಡ್ರೆಡ್ ಸ್ಕಾಟ್, ತಾನು ಸ್ವತಂತ್ರ ಎಂದು ಕೋರ್ಟಿಗೆ ಹೋಗಿದ್ದರು. 1857ರ ಮಾರ್ಚ್ 6ರಂದು ಸುಪ್ರೀಂ ಕೋರ್ಟ್ 7–2ರಲ್ಲಿ ಅವರ ವಿರುದ್ಧ ಹೇಳಿತು. ಕರಿಯರು ಅಮೆರಿಕದ ಪ್ರಜೆಗಳಾಗಲಾರರು ಎಂದರು ಮುಖ್ಯ ನ್ಯಾಯಮೂರ್ತಿ ಟಾನಿ. ಕೇಂದ್ರದ ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಇಲ್ಲ ಎಂದೂ ಸೇರಿಸಿದರು. ಜಗಳ ಮುಗಿಸಲೆಂದು ಕೊಟ್ಟ ತೀರ್ಪು ರಾಜಿಗೆ ಇದ್ದ ಜಾಗವನ್ನೇ ತೆಗೆದುಹಾಕಿತು. ರಿಪಬ್ಲಿಕನ್ನರ ಮೂಲ ಬೇಡಿಕೆ ಅಸಾಂವಿಧಾನಿಕವಾಯಿತು. ಕಾಂಗ್ರೆಸ್ಸಿಗೇ ಇಲ್ಲದ ಅಧಿಕಾರ ಅದು ಹುಟ್ಟಿಸಿದ ಸ್ಥಳೀಯ ಸಭೆಗೆ ಎಲ್ಲಿಂದ ಬರಬೇಕು? ಡಗ್ಲಸ್ ಸೂತ್ರವೂ ಬಿತ್ತು. 1858ರಲ್ಲಿ ಫ್ರೀಪೋರ್ಟ್‌ನ ಚರ್ಚೆಯಲ್ಲಿ, ಡಗ್ಲಸ್ ಎದುರು ಸೆನೆಟ್‌ಗೆ ನಿಂತಿದ್ದ ರಿಪಬ್ಲಿಕನ್ ಲಿಂಕನ್ ಇದನ್ನೇ ಹಿಡಿದು ಕೇಳಿದರು. ಸ್ಥಳೀಯ ಸಭೆ ಗುಲಾಮಗಿರಿಗೆ ರಕ್ಷಣೆಯ ಕಾನೂನು ಮಾಡದಿದ್ದರೆ ಅದು ಅಲ್ಲಿ ಒಂದು ದಿನವೂ ಉಳಿಯದು ಎಂದು ಡಗ್ಲಸ್ ಉತ್ತರಿಸಿದರು. ದಕ್ಷಿಣದವರು ಇದನ್ನು ಮರೆಯಲಿಲ್ಲ. ಹಾಗಾದರೆ ಕೇಂದ್ರವೇ ರಕ್ಷಣೆ ಕೊಡಬೇಕು ಎಂದು ಹಿಡಿದು ಕೂತರು. 1860ರ ಏಪ್ರಿಲ್‌ನಲ್ಲಿ ಚಾರ್ಲ್ಸ್‌ಟನ್‌ನ ಅಧಿವೇಶನದಲ್ಲಿ ಇದೇ ಮಾತಿನ ಮೇಲೆ ಡೆಮಾಕ್ರಾಟಿಕ್ ಪಕ್ಷ ಒಡೆದು, ಕೊನೆಗೆ ಇಬ್ಬರು ಅಭ್ಯರ್ಥಿಗಳನ್ನು ನಿಲ್ಲಿಸಿತು. ಅದಕ್ಕೂ ಆರು ತಿಂಗಳು ಮೊದಲು ಜಾನ್ ಬ್ರೌನ್ 21 ಜನರೊಡನೆ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ, ಸಿಕ್ಕಿಬಿದ್ದು, ಗಲ್ಲಿಗೇರಿದ್ದರು. ಉತ್ತರದಲ್ಲಿ ಕೆಲವು ಕಡೆ ಅವರಿಗಾಗಿ ಗಂಟೆ ಬಾರಿಸಿದ್ದು ದಕ್ಷಿಣಕ್ಕೆ ಗುಂಡಿನಷ್ಟೇ ನಾಟಿತ್ತು.

ಈಗ ನಿಮ್ಮ ಎರಡನೆಯ ಪ್ರಶ್ನೆ. 1860ರ ನವೆಂಬರ್‌ನಲ್ಲಿ ಲಿಂಕನ್‌ಗೆ ಬಂದದ್ದು ನೂರಕ್ಕೆ 40ಕ್ಕಿಂತ ತುಸು ಕಡಿಮೆ ಮತ, ಆದರೆ ಅಧ್ಯಕ್ಷರನ್ನು ಆರಿಸುವ 303 ಎಲೆಕ್ಟರ್‌ಗಳಲ್ಲಿ 180. ಆಗ ಮತಚೀಟಿ ಅಚ್ಚು ಹಾಕಿ ಹಂಚುತ್ತಿದ್ದದ್ದು ಪಕ್ಷಗಳೇ. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವರ ಹೆಸರಿನ ಚೀಟಿಯೇ ಇರಲಿಲ್ಲ. ಎದುರಾಳಿಗಳ ಮತವೆಲ್ಲ ಒಬ್ಬರಿಗೇ ಬಿದ್ದಿದ್ದರೂ ಎಲೆಕ್ಟರ್‌ಗಳ ಲೆಕ್ಕದಲ್ಲಿ ಅವರೇ ಗೆಲ್ಲುತ್ತಿದ್ದರು. ದಕ್ಷಿಣದ ನಾಯಕರು ಬೆಚ್ಚಿದ್ದು ಈ ಲೆಕ್ಕಕ್ಕೆ: ತಮ್ಮ ಒಂದು ಮತವೂ ಇಲ್ಲದೆ ದೇಶಕ್ಕೆ ಅಧ್ಯಕ್ಷರು ಬರಬಹುದು, ಇನ್ನು ಮುಂದೆ ಬರುತ್ತಲೇ ಇರಬಹುದು. ಲಿಂಕನ್ ಮಾತು ಕೊಟ್ಟಂತೆ ನಡೆದರೂ ಹೊಸ ನೆಲ ಮುಚ್ಚುತ್ತದೆ. ಪೋಸ್ಟ್‌ಮಾಸ್ಟರ್, ಮಾರ್ಷಲ್, ಸುಂಕದ ಅಧಿಕಾರಿ, ನ್ಯಾಯಾಧೀಶ ಎಲ್ಲರನ್ನೂ ನೇಮಿಸುವುದು ಅವರೇ. 1835ರಲ್ಲಿ ಚಾರ್ಲ್ಸ್‌ಟನ್‌ನ ಅಂಚೆ ಕಚೇರಿಗೆ ಬಂದ ಗುಲಾಮಗಿರಿ ವಿರೋಧಿ ಕಾಗದಗಳನ್ನು ಗುಂಪು ಸೇರಿ ಸುಟ್ಟಿದ್ದರು. ಈಗ ಅಂಚೆ ಕಚೇರಿಯಲ್ಲಿ ಕೂರುವವರೇ ಬೇರೆ ಆಗುತ್ತಾರೆ. ಗುಲಾಮಗಿರಿ ಇದ್ದ ರಾಜ್ಯಗಳಲ್ಲೂ ಬಿಳಿಯರ ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಒಬ್ಬ ಗುಲಾಮನೂ ಇರಲಿಲ್ಲ. ಆ ಬಡವರ ನಡುವೆ ಲಿಂಕನ್ ಪಕ್ಷ ಬೇರು ಬಿಟ್ಟರೆ? ಈ ಭಯ ಅವರ ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ರಾಜ್ಯಗಳ ಹಕ್ಕಿನ ವಾದವನ್ನು ಪರೀಕ್ಷಿಸಲು ಅವರದೇ ಕಾಗದಗಳನ್ನು ತರಗತಿಗೆ ತನ್ನಿ. ದಕ್ಷಿಣ ಕ್ಯಾರೊಲಿನಾ 1860ರ ಡಿಸೆಂಬರ್ 20ರಂದು 169–0 ಮತದಿಂದ ಹೊರನಡೆದು, ನಾಲ್ಕು ದಿನದ ಮೇಲೆ ಕಾರಣ ಪಟ್ಟಿ ಮಾಡಿತು. ಅದರ ಮುಖ್ಯ ದೂರು ಏನು ಗೊತ್ತೇ? ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು ಓಡಿಹೋದವರನ್ನು ಮರಳಿಸುತ್ತಿಲ್ಲ ಎಂದು! ನ್ಯೂಯಾರ್ಕ್ ತನ್ನ ನೆಲದ ಮೂಲಕ ಗುಲಾಮರನ್ನು ಹಾಯಿಸಿಕೊಂಡು ಹೋಗಲೂ ಬಿಡುತ್ತಿಲ್ಲ ಎಂದು! ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಬಳಸಿದ್ದೇ ತಪ್ಪಾಗಿತ್ತು. ಮಿಸಿಸಿಪ್ಪಿಯ ಘೋಷಣೆ ಇನ್ನೂ ನೇರ: ನಮ್ಮ ನಿಲುವು ಗುಲಾಮಗಿರಿಯ ಪದ್ಧತಿಯೊಡನೆ ಪೂರ್ತಿ ಒಂದಾಗಿದೆ ಎನ್ನುತ್ತದೆ. ಹೋದ ಸರದಿಯನ್ನೂ ಬೋರ್ಡಿನ ಮೇಲೆ ಬರೆಯಿರಿ. ಮೊದಲು ಹೊರಟ ಏಳು ರಾಜ್ಯಗಳಲ್ಲಿ ಒಟ್ಟು ಜನರಲ್ಲಿ ಗುಲಾಮರು ಅರ್ಧಕ್ಕೆ ಹತ್ತಿರ. 1861ರ ಏಪ್ರಿಲ್ 12ರ ನಸುಕಿನಲ್ಲಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಕೇಂದ್ರದ ಕೈಯಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿ, ಲಿಂಕನ್ 75 ಸಾವಿರ ಸೈನಿಕರನ್ನು ಕರೆದ ಮೇಲೆ ಹೋದ ನಾಲ್ಕರಲ್ಲಿ ಮೂರನೇ ಒಂದಕ್ಕೂ ಕಡಿಮೆ. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ನಾಲ್ಕರಲ್ಲಿ ಏಳರಲ್ಲಿ ಒಂದು ಪಾಲಿನಷ್ಟು.

ಹೊರಟವರ ಧೈರ್ಯಕ್ಕೆ ಹತ್ತಿಯೇ ಬೆನ್ನೆಲುಬು. ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಇವರದೇ, ಆದ್ದರಿಂದ ಬ್ರಿಟನ್ ನಮ್ಮ ಬೆನ್ನಿಗೆ ಬಂದೇ ಬರುತ್ತದೆ ಎಂದು ನಂಬಿದ್ದರು. ಬರಲಿಲ್ಲ. ಬ್ರಿಟನ್ನಿನ ಗಿರಣಿಗಳ ನಾಡಾದ ಲ್ಯಾಂಕಾಶೈರ್ ಹತ್ತಿಗಾಗಿ ಬೇರೆ ಕಡೆ ನೋಡಿತು, ಅದರಲ್ಲಿ ನಮ್ಮ ಧಾರವಾಡವೂ ಇತ್ತು. ನ್ಯೂ ಆರ್ಲಿಯನ್ಸ್‌ನ ಬೀಜ ಅಲ್ಲಿಗೆ 1840ರ ದಶಕದಲ್ಲೇ ಬಂದಿತ್ತು. ಕುಮಟಾ ಬಂದರಿನಿಂದ ಹೋಗುತ್ತಿದ್ದ ಹತ್ತಿಗೆ ಆ ಊರಿನದೇ ಹೆಸರು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ, ಕಾರವಾರ ಬಂದರನ್ನು ಹತ್ತಿಗಾಗಿ ಬೆಳೆಸಬೇಕೆಂಬ ಒತ್ತಡವೂ ಇತ್ತು. ಮಕ್ಕಳಿಗೆ ಇದನ್ನು ಹೇಳಿ, ನಕ್ಷೆ ಹತ್ತಿರವಾಗುತ್ತದೆ.

ಇನ್ನು ದುಡ್ಡು ಕೊಟ್ಟು ಬಿಡಿಸುವ ಮಾತು. 1833ರ ಕಾನೂನಿನಲ್ಲಿ ಬ್ರಿಟನ್ ಸುಮಾರು 8 ಲಕ್ಷ ಜನರನ್ನು ಬಿಡಿಸಲು ಮಾಲೀಕರಿಗೆ 2 ಕೋಟಿ ಪೌಂಡ್ ಕೊಟ್ಟಿತು. ಆ ಮಾಲೀಕರು ಹೆಚ್ಚಾಗಿ ದೂರದ ವಸಾಹತುಗಳವರು, ಅವರನ್ನು ಮೀರಿ ಕಾನೂನು ಮಾಡುವ ಶಕ್ತಿ ಸಂಸತ್ತಿಗಿತ್ತು. ಅಮೆರಿಕದಲ್ಲಿ ಮಾಲೀಕರು ಕಾಂಗ್ರೆಸ್ಸಿನೊಳಗೇ ಕೂತಿದ್ದರು. ಮೊತ್ತ ನೋಡಿ: 1860ರಲ್ಲಿ ಗುಲಾಮರಿಗೆ ಮಾರುಕಟ್ಟೆ ಕಟ್ಟಿದ್ದ ಬೆಲೆ ಒಟ್ಟು 300 ಕೋಟಿ ಡಾಲರ್‌ಗೂ ಹೆಚ್ಚು, ದೇಶದ ರೈಲುಮಾರ್ಗ, ಕಾರ್ಖಾನೆ ಎಲ್ಲ ಕೂಡಿಸಿದರೂ ಅಷ್ಟಾಗದು. ಕೇಂದ್ರದ ವರ್ಷದ ವರಮಾನ 6 ಕೋಟಿ ಡಾಲರ್‌ಗೂ ಕಡಿಮೆ. ಬೇರೆಲ್ಲ ಖರ್ಚು ನಿಲ್ಲಿಸಿದರೂ ಐವತ್ತು ವರ್ಷ ಹಿಡಿಯುತ್ತಿತ್ತು.

ಆದರೂ ಲಿಂಕನ್ ಪ್ರಯತ್ನ ಮಾಡಿ ನೋಡಿದರು. 1861ರ ಕೊನೆಯಲ್ಲಿ ಅತಿ ಸಣ್ಣ ಕಡೆಯಿಂದ ಶುರು ಮಾಡಿದರು. ಒಕ್ಕೂಟದಲ್ಲೇ ಉಳಿದಿದ್ದ ಡೆಲಾವೇರ್‌ನಲ್ಲಿ ಇದ್ದ ಗುಲಾಮರು 1,798. ತಲೆಗೆ 400 ಡಾಲರ್‌ನಂತೆ 7,19,200 ಡಾಲರ್, ಅದೂ ಕಂತಿನಲ್ಲಿ. 1862ರ ಮಾರ್ಚ್‌ನಲ್ಲಿ ಒಬ್ಬ ಸೆನೆಟರ್‌ಗೆ ಬರೆದ ಪತ್ರದಲ್ಲಿ ಲೆಕ್ಕ ಬಿಡಿಸಿಟ್ಟರು: ಯುದ್ಧಕ್ಕೆ ದಿನಕ್ಕೆ 20 ಲಕ್ಷ ಡಾಲರ್ ಖರ್ಚು. ಅರ್ಧ ದಿನದ ಖರ್ಚಿಗಿಂತ ಕಡಿಮೆಯಲ್ಲಿ ಡೆಲಾವೇರ್ ಮುಗಿಯುತ್ತದೆ. ಅದೇ ದರದಲ್ಲಿ ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ, ರಾಜಧಾನಿ ಎಲ್ಲ ಸೇರಿಸಿದರೂ 87 ದಿನದ ಖರ್ಚಾಗದು. ಡೆಲಾವೇರ್ ಒಪ್ಪಲಿಲ್ಲ. ಉಳಿದ ಮೂರು ರಾಜ್ಯಗಳೂ ಆ ಹಣ ಮುಟ್ಟಲಿಲ್ಲ. ಯುದ್ಧ ಮುಗಿಯುತ್ತ ಬಂದು, ಆರು ಲಕ್ಷಕ್ಕೂ ಹೆಚ್ಚು ಸೈನಿಕರ ಜೀವ ಹೋಗಿ, ಗುಲಾಮಗಿರಿ ಕೊನೆಗಾಣಿಸುವ 13ನೇ ತಿದ್ದುಪಡಿ 1865ರ ಫೆಬ್ರವರಿಯಲ್ಲಿ ಮುಂದೆ ಬಂದಾಗಲೂ ಡೆಲಾವೇರ್ ಅದನ್ನು ತಿರಸ್ಕರಿಸಿತು. ಬೇರೆ ರಾಜ್ಯಗಳ ಒಪ್ಪಿಗೆಯಿಂದ ಆ ಡಿಸೆಂಬರ್‌ನಲ್ಲಿ ತಿದ್ದುಪಡಿ ಜಾರಿಗೆ ಬಂತು. ಡೆಲಾವೇರ್ ಶಾಸನಸಭೆ ತನ್ನ ಒಪ್ಪಿಗೆ ಕೊಟ್ಟದ್ದು 1901ರಲ್ಲಿ.